ಕಬ್ಬಿಣದೊಳಗಿನ ಇನ್ನೊಂದು ಗಣಿ

ಕಳಸದ ಕಡೆಯವರಿಗೆ ಕಬ್ಬಿಣವೆಂದರೆ ಮೊದಲು ನೆನಪಾಗುವುದು ಕುದುರೆಮುಖ. ಗುಡ್ಡ ಅಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಲೊನಿಯ ಮನೆಗಳು ಖಾಲಿಯಾದವು, ಕಾಡು ಉಳಿಯಿತು. "ಗಣಿಯೇ ಇಲ್ಲದ ಮೇಲೆ ಆ ಕಲ್ಲಿನಲ್ಲಿ ನಮಗೇನಿದೆ ಸಾರ್?" ಎಂದು ಒಮ್ಮೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಪ್ರಶ್ನೆ ಸಣ್ಣದಲ್ಲ.

ಆ ಅದಿರಿನ ಮುಖ್ಯ ಖನಿಜ ಮ್ಯಾಗ್ನಟೈಟ್. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಕ್ಸಿಜನ್. ಸಾಮಾನ್ಯ ಉಷ್ಣತೆಯಲ್ಲಿ ಇದರ ಇಲೆಕ್ಟ್ರಾನುಗಳು ಕಬ್ಬಿಣದಿಂದ ಕಬ್ಬಿಣಕ್ಕೆ ಜಿಗಿಯುತ್ತಿರುತ್ತವೆ. ಹಾಗಾಗಿ ಕಲ್ಲಾದರೂ ತಕ್ಕಮಟ್ಟಿಗೆ ವಿದ್ಯುತ್ ಹರಿಯಲು ಬಿಡುತ್ತದೆ. ಸುಮಾರು ಮೈನಸ್ 150 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಮಾತ್ರ ರೋಧ ಥಟ್ಟನೆ ನೂರು ಪಟ್ಟಿನಷ್ಟು ಏರುತ್ತದೆ. ಬಸ್ಸಿನಲ್ಲಿ ಅತ್ತಿತ್ತ ಓಡಾಡುತ್ತಿದ್ದವರೆಲ್ಲ ಸೀಟು ಹಿಡಿದು ಕುಳಿತಂತೆ, ಇಲೆಕ್ಟ್ರಾನುಗಳು ನೆಲೆನಿಲ್ಲುತ್ತವೆ ಎಂದು ಹಾಲೆಂಡಿನ ವರ್ವೆ 1939ರಲ್ಲಿ ವಿವರಿಸಿದರು. ಸೀಟು ಹಂಚಿಕೆಯ ಕ್ರಮ ಅವರು ಊಹಿಸಿದ್ದಕ್ಕಿಂತ ಜಟಿಲವೆಂದು ಆಮೇಲೆ ತಿಳಿಯಿತು. ನೀರಿಗೆ ಮಂಜುಗಡ್ಡೆ, ಆವಿ ಎಂಬ ಸ್ಥಿತಿಗಳಿರುವಂತೆ, ಒಂದೇ ಹರಳಿನ ಇಲೆಕ್ಟ್ರಾನುಗಳಿಗೂ ಬೇರೆ ಬೇರೆ ಸ್ಥಿತಿಗಳಿವೆ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಒಂದಿದೆ. ಅಲ್ಲಿ ಇಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು, ಯಾವ ತಡೆಯೂ ಇಲ್ಲದೆ ಸಾಗುತ್ತವೆ. ರೋಧ ಸೊನ್ನೆ. ಇದೇ ಅತಿವಾಹಕತೆ. 1911ರಲ್ಲಿ ಕಾಮರ್ಲಿಂಗ್ ಓನ್ಸ್ ಇದನ್ನು ಮೈನಸ್ 269 ಡಿಗ್ರಿಯ ಪಾದರಸದಲ್ಲಿ ಕಂಡರು. 1987ರಲ್ಲಿ ತಾಮ್ರದ ಆಕ್ಸೈಡುಗಳ ಸಂಶೋಧನೆ ಜಗತ್ತಿನಾದ್ಯಂತ ಭರದಿಂದ ಸಾಗಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಮುಂಚೂಣಿಯಲ್ಲಿತ್ತು.

ಆದರೆ ಕಬ್ಬಿಣದ ತಂಟೆಗೆ ಹೆಚ್ಚಿನವರು ಹೋಗುತ್ತಿರಲಿಲ್ಲ. ಕಾಂತತ್ವ ಆ ಜೋಡಿಗಳನ್ನು ಒಡೆಯುತ್ತದೆ ಎಂಬುದು ರೂಢಿಯ ತಿಳಿವಳಿಕೆ. 2008ರಲ್ಲಿ ಜಪಾನಿನ ಹಿದೆಯೊ ಹೊಸೊನೊ ಅವರ ತಂಡ ಲ್ಯಾಂಥನಮ್, ಕಬ್ಬಿಣ, ಆರ್ಸೆನಿಕ್, ಆಕ್ಸಿಜನ್‌ಗಳ ಸಂಯುಕ್ತವೊಂದರಲ್ಲಿ ಆಕ್ಸಿಜನ್ನಿನ ಸ್ವಲ್ಪ ಪಾಲಿಗೆ ಫ್ಲೋರಿನ್ ಸೇರಿಸಿತು. ಹರಳಿನ ಕಾಂತೀಯ ಶಿಸ್ತು ಕರಗಿತು. ಮೈನಸ್ 247 ಡಿಗ್ರಿಯಲ್ಲಿ ಅತಿವಾಹಕತೆ ಮೂಡಿತು. ಅದೇ ವರ್ಷ ಇಂಥ ಬೇರೆ ಸಂಯುಕ್ತಗಳು ಮೈನಸ್ 218ರವರೆಗೆ ಬಂದವು. ಶತ್ರುವೆಂದುಕೊಂಡ ಕಾಂತತ್ವವೇ ಇಲ್ಲಿ ಜೋಡಿಗಳನ್ನು ಬೆಸೆಯುತ್ತಿದೆಯೇ? ವಾದ ಇನ್ನೂ ಮುಗಿದಿಲ್ಲ.

ಇದರಿಂದ ಏನು ಲಾಭ ಎನ್ನುವವರು ದೊಡ್ಡ ಆಸ್ಪತ್ರೆಯ ಎಂ.ಆರ್.ಐ. ಯಂತ್ರವನ್ನು ನೆನೆಯಲಿ. ಅದರ ಬಲವಾದ ಅಯಸ್ಕಾಂತ ಸಾಮಾನ್ಯವಾಗಿ ಅತಿವಾಹಕ ತಂತಿಯದು. ಅದನ್ನು ತಂಪಾಗಿಡಲು ದುಬಾರಿ ದ್ರವ ಹೀಲಿಯಂ ಬೇಕು. ಹೆಚ್ಚು ಉಷ್ಣತೆಯಲ್ಲೂ ಕೆಲಸ ಮಾಡುವ ವಸ್ತು ಸಿಕ್ಕರೆ ಖರ್ಚು ಇಳಿಯಬಹುದು.

ನಮ್ಮ ಕಡೆ ಮಕ್ಕಳಿಗೆ ಅಂಕ ಚೆನ್ನಾಗಿ ಬಂದರೆ ಕೋಚಿಂಗು, ಆಮೇಲೆ ಇಂಜಿನಿಯರಿಂಗು ಎಂಬುದು ಹೆಚ್ಚುಕಡಿಮೆ ನಿಶ್ಚಯ. ತೋಟದ ಸಾಲ, ಮಳೆಯ ಭಯ ಬಲ್ಲ ತಂದೆತಾಯಿಯರ ಆತುರ ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು. ಗುಡ್ಡದ ಗಣಿಯನ್ನು ನ್ಯಾಯಾಲಯ ಮುಚ್ಚಿಸಿತು, ಅದಕ್ಕೆ ಕಾರಣಗಳಿದ್ದವು. ಪ್ರಶ್ನೆ ಕೇಳುವ ಮಗುವಿನ ತಲೆಯೊಳಗಿನ ಗಣಿಯನ್ನು ಮುಚ್ಚಿಸಲು ಯಾವ ಕಾರಣವೂ ಇಲ್ಲ. ಮಗಳು ಭೌತಶಾಸ್ತ್ರ ಓದುತ್ತೇನೆಂದರೆ, ಬೇಡವೆನ್ನುವ ಮೊದಲು ಏಕೆಂದು ಕೇಳಿ ನೋಡಿ.