ಗಟ್ಟಿಯಾಗಿ ಓದಿದ ತಿಂಗಳು

ಕೊಂಡ್ಲಹಳ್ಳಿಯ ಬೇಸಿಗೆಯ ಮಧ್ಯಾಹ್ನ ಓದುವುದಕ್ಕೆಂದೇ ಇರುವ ಹೊತ್ತು. ಶೇಂಗಾ ಹೊಲಗಳು ಬರಿದಾಗಿ ಬಿದ್ದಿರುತ್ತವೆ, ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಈ ಸಲ ಒಂದು ತಿಂಗಳು ದೂರದ ಪುಸ್ತಕಗಳನ್ನೆಲ್ಲ ಬದಿಗಿಟ್ಟೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರಬಹುದಾದ ಊರುಗಳು ಕೊಟ್ಟ ಬರಹವನ್ನೇ ಓದಿದೆ.

ಮೊದಲು ಕೈಗೆತ್ತಿಕೊಂಡದ್ದು ತ.ರಾ.ಸು. ಅವರ ‘ದುರ್ಗಾಸ್ತಮಾನ’. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ಪಾಲಾಗುತ್ತದೆಂದು ಗೊತ್ತಿದ್ದೂ, ಈ ಸಲವಾದರೂ ದೊರೆ ಮದಕರಿ ಉಳಿದಾನು ಎಂದು ಮನಸ್ಸು ಆಸೆಪಡುತ್ತಲೇ ಇತ್ತು. ತ.ರಾ.ಸು. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು, ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರದೂ ಅದೇ. ವೆಂಕಣ್ಣಯ್ಯ 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅಚ್ಚಾದ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಕುವೆಂಪು ಆ ಗುರುವಿಗೇ ಅರ್ಪಿಸಿದರು. ಆ ಅರ್ಪಣೆಯ ಪದ್ಯವನ್ನು ಬಾಯಿಬಿಟ್ಟು ಓದಿದೆ. ಕಣ್ಣಲ್ಲೇ ಓದಿ ಮುಗಿಸುವ ಪದ್ಯ ಅದಲ್ಲ.

ಆಮೇಲೆ ಬಾಯಿ ಮುಚ್ಚಲಿಲ್ಲ. ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ಯನ್ನಂತೂ ಮೌನವಾಗಿ ಓದುವುದೇ ತಪ್ಪು ಅನ್ನಿಸುತ್ತದೆ. ಮುಕುಂದೂರು ಸ್ವಾಮಿಗಳು ಆಡಿದ ಮಾತನ್ನು ಶಾಸ್ತ್ರಿಗಳು ತಿದ್ದಿ ಶಿಷ್ಟಗೊಳಿಸಲಿಲ್ಲ. ಹಟ್ಟಿಯ ಕಟ್ಟೆಯ ಮೇಲೆ ಕೂತವರು ಆಡುವ ನುಡಿಯಲ್ಲೇ ಉಳಿಸಿದರು. ಬರೆಯುವವನಿಗೆ ಇದಕ್ಕಿಂತ ದೊಡ್ಡ ವಿನಯ ಇಲ್ಲ. ದಿನಕ್ಕೆ ನಾಲ್ಕೈದು ಪುಟ ಓದಿ ನಿಲ್ಲಿಸುತ್ತಿದ್ದೆ. ಮುಗಿದುಹೋದೀತೆಂಬ ಭಯ.

ಮಧ್ಯದಲ್ಲೊಂದು ದಿನ ಬ್ರಹ್ಮಗಿರಿಗೆ ಹೋದೆ, ಬಂಡೆ ಓದುವುದಕ್ಕೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ನಮ್ಮ ಮೊಳಕಾಲ್ಮೂರು ತಾಲ್ಲೂಕಿನದೇ. ಬ್ರಾಹ್ಮಿ ನನಗೆ ಬಾರದು, ಕನ್ನಡ ಅನುವಾದ ಕೈಯಲ್ಲಿತ್ತು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ರಾಜಾಜ್ಞೆ ಅದು, ಆದರೆ ಮೊದಲ ಮಾತು ಅವರ ಆರೋಗ್ಯ ಕೇಳುತ್ತದೆ. ಆಮೇಲೆ ತಂದೆತಾಯಿಯ ಮಾತು ಕೇಳು, ಜೀವಿಗಳಲ್ಲಿ ದಯೆಯಿಡು, ನಿಜ ನುಡಿ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದು, ಲಿಪಿಕಾರನೆಂಬುದನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಇಲ್ಲಿ ಎಷ್ಟು ಜನಕ್ಕೆ ಬ್ರಾಹ್ಮಿಯಾದರೂ ಬರುತ್ತಿತ್ತು? ಯಾರೋ ಬಂಡೆಯ ಮುಂದೆ ನಿಂತು ಜೋರಾಗಿ ಓದಿರಬೇಕು, ಊರು ಕೇಳಿಸಿಕೊಂಡಿರಬೇಕು. ನಾನೂ ಅಲ್ಲಿ ಅನುವಾದವನ್ನು ಜೋರಾಗಿಯೇ ಓದಿದೆ.

ತಿಂಗಳ ಕೊನೆಗೆ ಸಿರಿಯಜ್ಜಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ಕಾಡುಗೊಲ್ಲರ ಹೆಣ್ಣುಮಗಳು ಅಕ್ಷರ ಕಲಿತವಳಲ್ಲ, ಸಾವಿರಾರು ಪದ ಅವಳ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಎದುರು ಕೂತು ಕೇಳಿ ಬರೆದುಕೊಳ್ಳದಿದ್ದರೆ ಇಂದು ನನ್ನ ತೊಡೆಯ ಮೇಲೆ ಅವಳ ಪದಗಳ ಈ ಪುಸ್ತಕ ಇರುತ್ತಿರಲಿಲ್ಲ. ಜಗುಲಿಯಲ್ಲಿ ಒಂದು ಪದ ಓದುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬಂದು ಕೂತರು. “ಅದಂಗಲ್ಲ ಕಣಪ್ಪ, ನಮ್ಮವ್ವ ಬ್ಯಾರೆ ತರ ಹಾಡ್ತಿದ್ಲು” ಎಂದು ಮುಂದಿನ ಸೊಲ್ಲನ್ನು ತಾವೇ ಹೇಳಿದರು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನೂ ಬರೆದುಕೊಂಡೆ. ನಾಳೆ ಇನ್ನೆರಡು ಪದ ಹೇಳುತ್ತಾರಂತೆ.