ಕ್ಯಾಶುವಲ್ಟಿ ಡೈರಿ – ಭಾಗ 9: ಇಪ್ಪತ್ತು ನಿಮಿಷ

ಫೋಟೋದಲ್ಲಿ ಇರೋದು ಒಂದು ಖಾಲಿ ಗಾಜಿನ ಟ್ಯೂಬ್, ಅಷ್ಟೇ. ಪೇಶೆಂಟ್ ಫೋಟೋ ಈ ಪೇಜಲ್ಲಿ ಯಾವತ್ತೂ ಬರಲ್ಲ, ಗೊತ್ತಲ್ವಾ. ಕೆಳಗಿನ ಕಥೆಯಲ್ಲೂ ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದ್ದೀನಿ. ನನ್ನ ತಪ್ಪನ್ನ ಮಾತ್ರ ಬದಲಾಯಿಸಿಲ್ಲ.

ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಲ್ಲಿ ಓಡಾಡೋಳು ನಾನು. ಭದ್ರಾ ನಾಲೆಗೆ ನೀರು ಬಿಟ್ಟರೆ ನಮ್ಮ ಕಡೆ ಗದ್ದೆ ಎಲ್ಲಾ ಹಸಿರು. ಸ್ಟೋರಿ ಹಾಕೋಕೆ ಚೆಂದ. ಕ್ಯಾಶುವಲ್ಟಿ ಪೋಸ್ಟಿಂಗ್ ಶುರುವಾದ ಮೇಲೆ ಇನ್ನೊಂದು ಲೆಕ್ಕ ಕಲಿತೆ: ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು.

ಅವತ್ತು ರಾತ್ರಿ 9:40. ಗದ್ದೆಗೆ ನೀರು ಕಟ್ಟೋಕೆ ಹೋದ ರೈತ. ಬಲಗಾಲಿನ ಪಾದಕ್ಕೆ ಕಡಿದಿದೆ. ಮೀನಖಂಡಕ್ಕೆ ಟವೆಲ್ ಬಿಗಿದು ಕಟ್ಟಿದ್ದಾರೆ. ಪಾದ ಸ್ವಲ್ಪ ಊದಿದೆ. ರಕ್ತ ಎಲ್ಲೂ ಸೋರ್ತಿಲ್ಲ, ಕಣ್ಣು ರೆಪ್ಪೆ ಜೋತು ಬಿದ್ದಿಲ್ಲ, ಉಸಿರು ಸರಿ ಇದೆ. ಹಾವು ಯಾವುದು ಅಂತ ಕತ್ತಲಲ್ಲಿ ಯಾರೂ ನೋಡಿಲ್ಲ.

ಇಂಥ ಹೊತ್ತಲ್ಲಿ ನಮ್ಮ ದೊಡ್ಡ ಟೆಸ್ಟ್ ಯಾವ ಮಶೀನೂ ಅಲ್ಲ. ಹೊಸದಾದ, ಸ್ವಚ್ಛ, ಒಣಗಿದ ಗಾಜಿನ ಟ್ಯೂಬ್. ಅದಕ್ಕೆ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಡಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡೋದು. ಹೆಪ್ಪುಗಟ್ಟದೆ ನೀರಾಗಿ ಹರಿದರೆ ಮಂಡಲದ ಹಾವಿನ ಥರದ ವಿಷ ರಕ್ತ ಸೇರಿದೆ ಅಂತ ಅರ್ಥ. ಪ್ಲಾಸ್ಟಿಕ್ ಟ್ಯೂಬ್ ಆಗಲ್ಲ, ಸೋಪಲ್ಲಿ ತೊಳೆದ ಟ್ಯೂಬೂ ಆಗಲ್ಲ. ಗಾಜಿನ ಮೈ ತಾಗಿದ್ರೇನೇ ರಕ್ತಕ್ಕೆ ಹೆಪ್ಪುಗಟ್ಟೋ ಕೆಲಸ ಸರಿಯಾಗಿ ಶುರುವಾಗೋದು.

9:50ಕ್ಕೆ ರಕ್ತ ತೆಗೆದಿಟ್ಟೆ. ಅವರ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ರು. "ಡಾಕ್ಟ್ರೇ, ಆ ಶೀಷೆ ನೋಡ್ಕಂತ ಯಾಕ್ ನಿಂತೀರಿ? ಇಂಜೆಕ್ಷನ್ ಚುಚ್ರಿ" ಅಂದ್ರು. ಒಂದ್ಸಲ, ಎರಡ್ಸಲ, ಮೂರ್ಸಲ. ಸುತ್ತ ನಿಂತ ಸಂಬಂಧಿಕರ ದನಿ ಜೋರಾಯ್ತು. ಏನೂ ಮಾಡದೆ ನಿಂತಿದ್ದೀನಿ ಅಂತ ನನಗೇ ನಾಚಿಕೆ ಆಗೋಕೆ ಶುರುವಾಯ್ತು.

10:02ಕ್ಕೆ ಟ್ಯೂಬ್ ಎತ್ತಿ ವಾಲಿಸಿಬಿಟ್ಟೆ. 12 ನಿಮಿಷಕ್ಕೆ.

ರಕ್ತ ಹರೀತು. ವಿಷಕ್ಕೋ, ನನ್ನ ಅವಸರಕ್ಕೋ?

ಪಿಜಿ ಅಕ್ಕ ಬಂದು ಗಡಿಯಾರ ನೋಡಿದ್ರು, ಟ್ಯೂಬ್ ನೋಡಿದ್ರು. ಬೈತಾರೆ ಅಂದ್ಕೊಂಡೆ. "ಇದು ಈಗ ಟೆಸ್ಟ್ ಅಲ್ಲ. ಮತ್ತೆ ತಗೋ" ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

"ಸೀದಾ ಎಎಸ್‌ವಿ ಕೊಟ್ಟುಬಿಡಬಹುದಲ್ವಾ?" ಅಂತ ನೀವು ಕೇಳ್ತೀರ. ರಕ್ತ ಸೋರ್ತಿದ್ರೆ, ರೆಪ್ಪೆ ಬಿದ್ದಿದ್ರೆ ಯಾವ ಟ್ಯೂಬಿಗೂ ಕಾಯಲ್ಲ, ಕೊಟ್ಟೇಬಿಡ್ತೀವಿ. ಆದ್ರೆ ಕಚ್ಚಿದ ಹಾವೆಲ್ಲಾ ವಿಷ ಬಿಡಲ್ಲ. ಆ ಔಷಧಿಗೇ ಕೆಲವರಿಗೆ ಜೀವಕ್ಕೆ ಕುತ್ತು ಬರೋ ಅಲರ್ಜಿ ಆಗುತ್ತೆ. ಅದಕ್ಕೇ ಅಡ್ರಿನಲಿನ್ ಸಿರಿಂಜಲ್ಲಿ ತುಂಬಿಟ್ಟುಕೊಂಡೇ ಶುರುಮಾಡೋದು.

10:05. ಎರಡನೇ ಟ್ಯೂಬ್. ಈ ಸಲ ಅವರ ಹೆಂಡತಿಗೆ ಎಲ್ಲಾ ಬಿಡಿಸಿ ಹೇಳಿದೆ, ಮೊದಲನೇದು ನನ್ನಿಂದ ಕೆಟ್ಟಿತು ಅನ್ನೋದನ್ನೂ. ಅವರು ಒಂದು ಕ್ಷಣ ನನ್ನ ಮುಖ ನೋಡಿದ್ರು. ಆಮೇಲೆ ತಮ್ಮ ಮೊಬೈಲ್ ತೆಗೆದು ಟೈಮ್ ನೋಡ್ತಾ ಕೂತ್ರು. "ಇನ್ನ ಎಂಟು ಐತಿ"... "ಇನ್ನ ಐದು." ಸಂಬಂಧಿಕರು ಹತ್ರ ಬಂದ್ರೆ ಅವರೇ ಕೈ ಅಡ್ಡ ಹಿಡೀತಿದ್ರು: "ಅಲ್ಲಾಡಸ್ಬ್ಯಾಡ್ರಿ!"

10:25. ವಾಲಿಸಿದೆ. ನೀರು.

10 ವಯಲ್, ಒಂದು ಗಂಟೆ ಡ್ರಿಪ್. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಅದೇ ಔಷಧಿ. ಕಾಲಿನ ಟವೆಲನ್ನ ಪಿಜಿ ಅಕ್ಕ, ಎಲ್ಲಾ ತಯಾರಿಟ್ಟುಕೊಂಡೇ ನಿಧಾನಕ್ಕೆ ಸಡಿಲಿಸಿದ್ರು. ಕಿಡ್ನಿಗೆ ಏಟು ಬೀಳಬಹುದು ಅಂತ ರಾತ್ರಿಯೆಲ್ಲಾ ಮೂತ್ರ ಅಳೆದೆ.

ಡ್ರಿಪ್ ಮುಗಿದು ಆರು ಗಂಟೆ ಆದ ಮೇಲೆ, ಬೆಳಗಿನ ಜಾವ, ಮತ್ತೊಂದು ಟ್ಯೂಬ್. ಹೆಪ್ಪುಗಟ್ಟೋಕೆ ಬೇಕಾದ್ದನ್ನ ಲಿವರ್ ಮತ್ತೆ ತಯಾರು ಮಾಡೋಕೆ ಅಷ್ಟು ಹೊತ್ತು ಬೇಕು. 20 ನಿಮಿಷ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ವಾಲಿಸಿದೆ. ಹರೀಲಿಲ್ಲ. ತಲೆಕೆಳಗು ಮಾಡಿದೆ. ಕಡುಗೆಂಪು ಹೆಪ್ಪು ಗಟ್ಟಿಯಾಗಿ ಕೂತಿತ್ತು.

ಐದನೇ ದಿನ ಅವರು ನಡ್ಕೊಂಡೇ ಮನೆಗೆ ಹೋದ್ರು. ಆದ್ರೆ ನನ್ನಿಂದ ತಡವಾದ ಆ 15 ನಿಮಿಷ ಇನ್ನೂ ನನ್ನ ಹತ್ರಾನೇ ಇದೆ. ಇನ್ನೊಬ್ಬರ ಕಾಲಲ್ಲಿ ಅದರ ಬೆಲೆ ಬೇರೆ ಇರ್ತಿತ್ತೇನೋ. ಎಮರ್ಜೆನ್ಸಿ ಅಂದ್ರೆ ಓಡೋದು ಅಂದ್ಕೊಂಡು ಬಂದಿದ್ದೆ. ಎಲ್ಲರೂ ಕೂಗ್ತಿರುವಾಗ ಸುಮ್ಮನೆ ನಿಲ್ಲೋದು, ಯಾಕೆ ನಿಂತಿದ್ದೀನಿ ಅಂತ ಮನೆಯವರಿಗೆ ಹೇಳೋದು, ಎರಡನ್ನೂ ಯಾವ ವೈವಾದಲ್ಲೂ ಕೇಳಿರಲಿಲ್ಲ.

ಡಾಕ್ಟರ್ ಆಗದೇ ಇರೋ ಫಾಲೋವರ್ಸಿಗೆ, ಇಷ್ಟು ನೆನಪಿಡಿ:
• ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ.
• ಉಂಗುರ, ಕಾಲುಂಗುರ, ಗೆಜ್ಜೆ ತೆಗೀರಿ. ಮೂಳೆ ಮುರಿದಾಗ ಮಾಡೋ ಹಾಗೆ ಕಾಲು ಅಲುಗಾಡದಂತೆ ಇಡಿ.
• ಹಾವು ಹಿಡಿಯೋಕೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಸೀದಾ ಆಸ್ಪತ್ರೆಗೆ.
• 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನ ಸರ್ಕಾರಕ್ಕೆ ವರದಿ ಮಾಡಲೇಬೇಕು. ಮನೆಮದ್ದಲ್ಲೇ ಮುಗಿದರೆ ಆ ಲೆಕ್ಕಕ್ಕೂ ಬರಲ್ಲ.

ಜೂನಿಯರ್ಸ್, ಪೋಸ್ಟಿಂಗ್ ಮೊದಲ ದಿನವೇ ಗಾಜಿನ ಟ್ಯೂಬ್ ಯಾವ ಡ್ರಾಯರಲ್ಲಿದೆ ಅಂತ ಸಿಸ್ಟರ್‌ನ ಕೇಳಿಟ್ಕೊಳ್ಳಿ. ಟೈಮರ್ ಹಾಕಿ. ಕೈ ಹಿಂದೆ ಕಟ್ಕೊಳ್ಳಿ.

ಭಾಗ 10 ಮುಂದಿನ ಭಾನುವಾರ, ನೈಟ್ ಡ್ಯೂಟಿ ಇಲ್ಲದಿದ್ರೆ.

#ಕ್ಯಾಶುವಲ್ಟಿಡೈರಿ #ದಾವಣಗೆರೆ #ಹರಿಹರ #ಹೌಸ್‌ಸರ್ಜನ್