ಮುಳುಗುವ ಮುನ್ನ

ನೀರಿಗಿಳಿಯುವವನು ಮೊದಲು ಆಳವನ್ನು ವಿಚಾರಿಸಬೇಕೆಂದು ಹಿರಿಯರು ಹೇಳುವರು. ಆಳದೊಡನೆ ತನ್ನ ಉಸಿರನ್ನೂ ವಿಚಾರಿಸಿಕೊಳ್ಳಬೇಕೆಂಬುದು ಶಿವಮೊಗ್ಗೆಯ ಅಣ್ಣತಮ್ಮಂದಿರಿಬ್ಬರಿಗೆ ಅಂಡಮಾನಿನ ಪ್ರವಾಸವನ್ನು ಗೊತ್ತುಮಾಡುವಾಗ ತಿಳಿದುಬಂದಿತು.

ಮೊದಲು ಹ್ಯಾವ್ಲಾಕ್ ಎನಿಸಿ 2018ರಲ್ಲಿ ಸ್ವರಾಜ್ ದ್ವೀಪವೆಂಬ ಹೆಸರನ್ನು ಪಡೆದ ನಡುಗಡ್ಡೆಯಲ್ಲಿ, ಗಾಳಿಯ ಸಿಲಿಂಡರನ್ನು ಬೆನ್ನಿಗೆ ಬಿಗಿದು ಕಡಲೊಳಗಣ ಹವಳದ ದಿಬ್ಬಗಳನ್ನು ತೋರಿಸುವ ಸ್ಕೂಬಾ ಕೇಂದ್ರಗಳಿವೆ. ಸಹೋದರರು ಎರಡು ವರ್ಷ ಹಣ ಕೂಡಿಟ್ಟು, ಕಡಲು ಶಾಂತವಾಗಿರುವ ಫೆಬ್ರವರಿಯನ್ನು ಆರಿಸಿಕೊಂಡರು. ಕೊನೆಯ ದಿನವನ್ನು ಬರಿದಾಗಿ ಬಿಟ್ಟರು. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ದೇಹದಲ್ಲಿ ಹೆಚ್ಚಾಗಿ ಕರಗುವುದು. ಕೂಡಲೆ ವಿಮಾನವೇರಿದರೆ ಅದು ಗುಳ್ಳೆಗಳಾಗಿ ಹೊರಟು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೂ ಬಾಧಿಸಬಹುದು. ಹಲವು ಸಲ ಮುಳುಗಿದವರು ಕಡೆಯ ಪಕ್ಷ 18 ಗಂಟೆ ಕಾಯಬೇಕೆಂಬುದು ನಿಯಮ.

ಇಷ್ಟೆಲ್ಲ ಸುಲಭವಾಗಿ ನಡೆಯಿತು. ತೊಡಕಾದುದು ಕೇಂದ್ರದವರು ಕಳುಹಿದ ಆರೋಗ್ಯದ ಪ್ರಶ್ನಾವಳಿ. ಉಬ್ಬಸ ಉಂಟೇ ಎಂದು ಅದರಲ್ಲಿ ಕೇಳಿದ್ದರು. ತಮ್ಮನಿಗೆ ಬಾಲ್ಯದಿಂದಲೂ ಅದುಂಟು. ಹಿಂದಿನ ಚಳಿಗಾಲದಲ್ಲಿಯೂ ಇನ್ಹೇಲರ್ ಹಿಡಿದಿದ್ದನು.

“ಇಲ್ಲವೆಂದು ಬರೆದುಬಿಡು, ಅಣ್ಣ. ಅಲ್ಲಿ ನೋಡುವವರಾರು?” ಎಂದನು.

ಅಣ್ಣನು ಹಾಗೆಯೇ ಬರೆದನು. ತಮ್ಮನ ಆಸೆಯನ್ನು ಮುರಿಯುವ ಧೈರ್ಯ ಅವನಿಗಿರಲಿಲ್ಲ. ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಏದುಸಿರು ಬಿಡುತ್ತಿದ್ದ ಆರು ವರ್ಷದ ಮಗುವನ್ನು ಹೆಗಲಿಗೇರಿಸಿಕೊಂಡು ಆಸ್ಪತ್ರೆಗೆ ಓಡಿದವನು ಅವನೇ. ಬೆಳಗಾದೊಡನೆ ಕಾಗದವನ್ನು ಹರಿದು, ತಮ್ಮನನ್ನು ವೈದ್ಯರ ಬಳಿಗೆ ಕರೆದೊಯ್ದನು.

ವೈದ್ಯರು ಪರೀಕ್ಷಿಸಿ ವಿವರಿಸಿದರು: “ಹತ್ತು ಮೀಟರಿನ ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಇಮ್ಮಡಿಯಾಗಿ ಹಿಗ್ಗುತ್ತದೆ. ಉಸಿರು ಬಿಡುತ್ತ ಬಂದವನಿಗೆ ಭಯವಿಲ್ಲ. ಶ್ವಾಸನಾಳ ಬಿಗಿದವನಲ್ಲಿ ಗಾಳಿ ಸಿಕ್ಕಿಕೊಂಡು ಶ್ವಾಸಕೋಶವನ್ನೇ ಹರಿದೀತು. ಉಬ್ಬಸವಿದ್ದವರೆಲ್ಲರಿಗೂ ನಿಷೇಧವಿಲ್ಲ, ಪರೀಕ್ಷೆಯಲ್ಲಿ ಉತ್ತೀರ್ಣರಾದ ಕೆಲವರು ಇಳಿಯುತ್ತಾರೆ. ನಿನಗೆ ಮಾತ್ರ ನಾನು ಸಹಿ ಹಾಕಲಾರೆ.”

ತಮ್ಮನು ಎರಡು ದಿನ ಅಣ್ಣನೊಡನೆ ಮಾತಾಡಲಿಲ್ಲ. ಅಣ್ಣನು ಪ್ರವಾಸವನ್ನೇ ಕೈಬಿಡುವೆನೆಂದಾಗ ಅವನೇ ಮುಂದೆ ಬಂದು, “ಬೇಡ. ಅಂಡಮಾನಿನಲ್ಲಿ ಗಾಜಿನ ತಳದ ದೋಣಿಗಳಿವೆಯಂತೆ. ನಾನು ಮೇಲಿನಿಂದ ನೋಡುತ್ತೇನೆ, ನೀನು ಒಳಗೆ ನೋಡಿ ಬಂದು ಹೇಳು” ಎಂದನು.

ಅಣ್ಣನು ಹೊಸ ಪ್ರಶ್ನಾವಳಿಯನ್ನು ತನ್ನ ಹೆಸರಿನಲ್ಲಿ ಮಾತ್ರ ತುಂಬಿದನು. ಪ್ರಯಾಣದ ಟಿಕೆಟುಗಳು ಎರಡೂ ಹಾಗೆಯೇ ಉಳಿದುವು. ಯಾರೂ ನೋಡದಲ್ಲಿ ಬರೆಯುವ ಒಂದು ಸುಳ್ಳನ್ನು ಮನುಷ್ಯರು ಮನ್ನಿಸಿಯಾರು, ಕಡಲು ಮನ್ನಿಸದು.